ಕಿವಿಯೊಳಗಿನ ಜೀರುಂಡೆ

ನನ್ನ ಎಡಗಿವಿಯಲ್ಲಿ ಒಂದು ಜೀರುಂಡೆ ಇದೆ. ಮಲೆನಾಡಿನ ಸಂಜೆ ಕಾಡಿನ ಕಡೆಯಿಂದ ಬಿಡುವಿಲ್ಲದೆ ‘ಜೀಂ...’ ಎಂದು ಬರುತ್ತದಲ್ಲ, ಅದೇ ಸದ್ದು. ನಾನು ಏಳನೇ ತರಗತಿಯಲ್ಲಿದ್ದಾಗ ಒಂದು ದೀಪಾವಳಿಯ ರಾತ್ರಿ ಬಂದು ಸೇರಿಕೊಂಡಿದ್ದು, ಇನ್ನೂ ಹೋಗಿಲ್ಲ.

ನಿಜವಾದ ಹುಳ ಅಲ್ಲ. ಅಣ್ಣ ಹಚ್ಚಿದ ಪಟಾಕಿ ಠುಸ್ಸಾಯಿತು ಅಂದುಕೊಂಡು ನಾನು ಬಗ್ಗಿ ನೋಡಲು ಹೋದೆ, ಆಗ ಸಿಡಿಯಿತು. ಸುಟ್ಟ ಗಾಯವೇನೂ ಆಗಲಿಲ್ಲ. ಆದರೆ ಮನೆಯವರ ಮಾತೆಲ್ಲ ಕಿವಿಗೆ ಹತ್ತಿ ತುರುಕಿದ ಹಾಗೆ ಕೇಳತೊಡಗಿತು. ದೀಪ ಆರಿಸಿ ಮಲಗಿದ ಮೇಲೆ ಜೀರುಂಡೆ ಶುರುವಾಯಿತು.

“ಅಜ್ಜಿ, ಹೊರಗೇನೋ ಜೀಂ ಅಂತಿದೆ, ಕೇಳ್ತಾ?”

“ಏನೂ ಇಲ್ಲ ಮಗಾ, ಮಲಗು.”

ನನಗೊಬ್ಬನಿಗೇ ಕೇಳುತ್ತಿದೆ ಎಂದು ಗೊತ್ತಾದಾಗ ಆದ ಹೆದರಿಕೆ ಈಗಲೂ ನೆನಪಿದೆ. ಇದಕ್ಕೆ ಕಿವಿಮೊರೆತ ಎಂಬ ಹೆಸರಿದೆ, ಡಾಕ್ಟರರು ಟಿನಿಟಸ್ ಎನ್ನುತ್ತಾರೆ, ಇದು ಎಷ್ಟೋ ಜನರಿಗಿದೆ ಎಂದು ಅವತ್ತೇ ಯಾರಾದರೂ ಹೇಳಿದ್ದರೆ ಅರ್ಧ ಹೆದರಿಕೆ ಹೋಗುತ್ತಿತ್ತು. ಅದಕ್ಕೇ ನಿಮಗೆ ಹೇಳುತ್ತಿದ್ದೇನೆ.

ಕಿವಿಯ ಒಳಗೆ, ಮೂಳೆಯ ನಡುವೆ, ಬಟಾಣಿ ಕಾಳಿನಷ್ಟು ದೊಡ್ಡ ಬಸವನಹುಳದ ಚಿಪ್ಪಿನಂಥ ಭಾಗವಿದೆ. ಎರಡೂವರೆ ಸುತ್ತು ಸುತ್ತಿಕೊಂಡ ಆ ಸುರುಳಿಯನ್ನು ಬಿಡಿಸಿದರೆ ಸುಮಾರು ಮೂರೂವರೆ ಸೆಂಟಿಮೀಟರ್ ಉದ್ದ. ಒಳಗೆ ನೀರಿನಂಥ ದ್ರವ, ಅದರಲ್ಲಿ ಸುಮಾರು 15,000 ರೋಮಕೋಶಗಳ ಸಾಲು. ಒಂದೊಂದರ ತಲೆಯ ಮೇಲೂ ಕಣ್ಣಿಗೆ ಕಾಣದಷ್ಟು ಸಣ್ಣ ಎಳೆಗಳ ಗೊಂಚಲು. ಸದ್ದು ಬಂದಾಗ ದ್ರವ ಅಲುಗುತ್ತದೆ, ಗಾಳಿಗೆ ಭತ್ತದ ಪೈರು ತೊನೆದಂತೆ ಆ ಎಳೆಗಳು ಬಾಗುತ್ತವೆ. ಬಾಗಿದ ಕೂಡಲೇ ಮಿದುಳಿಗೆ ಸುದ್ದಿ ಹೋಗುತ್ತದೆ. ಕೊಳಲಿನ ಕೀರಲು ಸ್ವರಕ್ಕೆ ಸುರುಳಿಯ ಬಾಗಿಲ ಬಳಿಯ ಕೋಶಗಳು, ಡೊಳ್ಳಿನ ದಪ್ಪ ಸದ್ದಿಗೆ ಸುರುಳಿಯ ತುದಿಯವು.

ಬಿರುಗಾಳಿ ಬೀಸಿದರೆ ಪೈರು ಮಲಗಿಬಿಡುತ್ತದಲ್ಲ? ಡಿಜೆ ಪೆಟ್ಟಿಗೆಯ ಎದುರು ಕುಣಿದು ಬಂದ ರಾತ್ರಿ ಇಲ್ಲೂ ಹಾಗೇ ಆಗುತ್ತದೆ. ಬಾಗಿದವು ಎದ್ದು ನಿಂತರೆ ಒಂದೆರಡು ದಿನದಲ್ಲಿ ಕಿವಿ ತಿಳಿಯಾಗುತ್ತದೆ, ಗುಂಯ್ ಸದ್ದೂ ಹೋಗುತ್ತದೆ. ಹೆಚ್ಚಿನ ಸಲ ಆಗುವುದು ಹೀಗೆಯೇ. ಆದರೆ ಸತ್ತುಹೋದ ಕೋಶ ಮತ್ತೆ ಹುಟ್ಟುವುದಿಲ್ಲ. ಕೋಳಿಗಳಲ್ಲಿ ಹೊಸ ರೋಮಕೋಶಗಳು ಹುಟ್ಟುತ್ತವೆ ಎಂದು ವಿಜ್ಞಾನಿಗಳು 1980ರ ದಶಕದಲ್ಲಿ ಕಂಡುಕೊಂಡರು. ಆ ವರ ನಮಗಿಲ್ಲ.

ಕೋಶ ಸತ್ತರೆ ಅಲ್ಲಿ ನಿಶ್ಶಬ್ದ ಇರಬೇಕಿತ್ತು. ಮತ್ತೆ ಈ ಸದ್ದು ಎಲ್ಲಿಯದು? ಹಳೆಯ ರೇಡಿಯೊ ಸ್ಟೇಷನ್ ಸರಿಯಾಗಿ ಹಿಡಿಯದಿದ್ದಾಗ ಅಜ್ಜ ಸೌಂಡ್ ಜಾಸ್ತಿ ಮಾಡುತ್ತಿದ್ದರು. ಹಾಡು ಬರುತ್ತಿರಲಿಲ್ಲ, ಬರಿಯ ಗೊರಗೊರ ಜೋರಾಗುತ್ತಿತ್ತು. ಮಿದುಳು ಮಾಡುವುದೂ ಅದನ್ನೇ ಎಂದು ವಿಜ್ಞಾನಿಗಳು ವಿವರಿಸುತ್ತಾರೆ. ಬರಬೇಕಾದ ಸುದ್ದಿ ಬಾರದೆ ಹೋದಾಗ ಅದು ತನ್ನ ಸೌಂಡ್ ಏರಿಸುತ್ತದೆ, ನರಗಳಲ್ಲಿ ಮೊದಲೇ ಇದ್ದ ಸಣ್ಣ ಗುಜುಗುಜು ದೊಡ್ಡದಾಗಿ ಕೇಳುತ್ತದೆ. ಆ ಗುಜುಗುಜು ಎಲ್ಲರೊಳಗೂ ಇದೆ. 1953ರಲ್ಲಿ ಹೆಲ್ಲರ್ ಮತ್ತು ಬರ್ಗ್‌ಮನ್ ಎಂಬ ಇಬ್ಬರು ಅಮೆರಿಕದವರು, ಕಿವಿ ಚೆನ್ನಾಗಿದ್ದ 80 ಜನರನ್ನು ಸದ್ದೇ ಹೊಗದ ಕೋಣೆಯಲ್ಲಿ ಕೂರಿಸಿದರು. ನೂರಕ್ಕೆ 94 ಮಂದಿ ಏನೋ ಒಂದು ಸದ್ದು ಕೇಳಿಸಿತು ಎಂದರು!

ನಾನು ಮೊದಮೊದಲು ಒಂದು ತಪ್ಪು ಮಾಡುತ್ತಿದ್ದೆ. ಎರಡೂ ಕಿವಿ ಮುಚ್ಚಿಕೊಂಡು, ಇನ್ನೂ ಇದೆಯಾ ಎಂದು ದಿನಕ್ಕೆ ಹತ್ತು ಸಲ ಪರೀಕ್ಷೆ ಮಾಡುತ್ತಿದ್ದೆ. ಇದ್ದೇ ಇರುತ್ತಿತ್ತು. ಹೀಗೆ ಹೆದರಿ ಹೆದರಿ ಕೇಳಿದರೆ, ಇದೇನೋ ಮುಖ್ಯವಾದ ಸದ್ದು, ಕಾವಲು ಕಾಯಬೇಕು ಎಂದು ಮಿದುಳು ಕಲಿತುಬಿಡುತ್ತದೆ. ಸೊಂಟದ ಉಡಿದಾರವನ್ನು ನೆನೆಯಿರಿ. ಹೊಸದು ಕಟ್ಟಿದ ದಿನ ಕೈ ಪದೇ ಪದೇ ಅಲ್ಲಿಗೇ ಹೋಗುತ್ತದೆ, ವಾರ ಕಳೆದರೆ ಅದು ಇರುವುದೇ ಮರೆತುಹೋಗುತ್ತದೆ. ದಾರ ಎಲ್ಲಿಗೂ ಹೋಗಿಲ್ಲ, ಇದರಿಂದ ತೊಂದರೆಯಿಲ್ಲ ಎಂದು ಮಿದುಳು ಬಿಟ್ಟುಕೊಟ್ಟಿದೆ, ಅಷ್ಟೆ. ಜೀರುಂಡೆಯನ್ನೂ ಹೀಗೆ ಬಿಟ್ಟುಕೊಡಲು ಅದಕ್ಕೆ ಕಲಿಸಬಹುದು. ವಾರದಲ್ಲಿ ಆಗುವ ಕೆಲಸವಲ್ಲ, ತಿಂಗಳುಗಳೇ ಬೇಕಾಗಬಹುದು. ನನಗೆ ಒಂದು ವರ್ಷ ಹಿಡಿಯಿತು.

ನನಗೆ ಹೆಚ್ಚು ಸಹಾಯ ಮಾಡಿದ್ದು ಫ್ಯಾನು. ಪೂರ್ತಿ ಸದ್ದಿಲ್ಲದ ಕೋಣೆಯಲ್ಲಿ ಜೀರುಂಡೆಯದೇ ರಾಜ್ಯ. ಫ್ಯಾನಿನ ಗಿರಗಿರ, ಮಳೆ, ಮೆಲ್ಲಗೆ ಹಾಕಿದ ಹಾಡು, ಇವು ಜೊತೆಗಿದ್ದರೆ ಅದು ಹಿಂದೆ ಸರಿಯುತ್ತದೆ. ಮುಳುಗಿಸಿಬಿಡುತ್ತೇನೆಂದು ಇಯರ್‌ಫೋನಿನಲ್ಲಿ ಜೋರಾಗಿ ಹಾಡು ಹಾಕಬೇಡಿ, ಉಳಿದ ಕೋಶಗಳಿಗೂ ಪೆಟ್ಟು ಬೀಳುತ್ತದೆ. ನಿದ್ದೆಗೆಟ್ಟ ಮರುದಿನ ಸದ್ದು ಜೋರಾದಂತೆ ಅನ್ನಿಸುತ್ತದೆ, ಆದ್ದರಿಂದ ಹೊತ್ತಿಗೆ ಸರಿಯಾಗಿ ಮಲಗಿ. ಯಾರಾದರೂ ಬೆಳ್ಳುಳ್ಳಿ ಕಾಯಿಸಿದ ಎಣ್ಣೆ ಬಿಡೋಣ ಅಂದರೆ ದಯವಿಟ್ಟು ಬೇಡ ಅನ್ನಿ. ಸುರುಳಿಯಿರುವುದು ಕಿವಿಯ ತಮಟೆಯ ಆಚೆ, ಎಣ್ಣೆ ಅಲ್ಲಿಗೆ ತಲುಪುವುದಿಲ್ಲ, ತಮಟೆ ಹರಿದಿದ್ದರೆ ಅಪಾಯ ಬೇರೆ.

ಎರಡು ದಿನ ಕಳೆದರೂ ಸದ್ದು ನಿಲ್ಲದಿದ್ದರೆ ಮನೆಯಲ್ಲಿ ಹೇಳಿ, ಕಿವಿ ಡಾಕ್ಟರ ಹತ್ತಿರ ಹೋಗಿ. ಕಿವಿ ಕೇಳುವುದೇ ನಿಂತರೆ, ತಲೆ ಸುತ್ತಿದರೆ, ರಕ್ತ ಬಂದರೆ ಅದೇ ದಿನ ಹೋಗಬೇಕು. ಬೈಯುತ್ತಾರೆಂದು ಮುಚ್ಚಿಡಬೇಡಿ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಂಥ ಕಡೆ ಎಷ್ಟು ಕೇಳುತ್ತದೆ ಎಂದು ಅಳೆದು ಹೇಳುತ್ತಾರೆ. ಜೀರುಂಡೆಯನ್ನು ಓಡಿಸುವ ಮಾತ್ರೆ ಇನ್ನೂ ಸಿಕ್ಕಿಲ್ಲ, ಅದರ ಜೊತೆ ಬಾಳುವುದನ್ನು ಕಲಿಸುವವರು ಇದ್ದಾರೆ.

ಇನ್ನೊಂದು ಲೆಕ್ಕ. ಮಕ್ಕಳ ಕಿವಿ ವಾರಕ್ಕೆ 40 ಗಂಟೆ 75 ಡೆಸಿಬೆಲ್ ಸದ್ದು ತಡೆದುಕೊಳ್ಳಬಲ್ಲದು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಪ್ರತಿ 3 ಡೆಸಿಬೆಲ್ ಏರಿದಾಗಲೂ ಸಮಯ ಅರ್ಧಕ್ಕಿಳಿಯುತ್ತದೆ. 105 ಡೆಸಿಬೆಲ್ಲಿಗೆ ಎಷ್ಟು ಸಿಗುತ್ತದೆ, ಕೂತು ಲೆಕ್ಕ ಹಾಕಿ. ಇಡೀ ವಾರಕ್ಕೆ ಮೂರು ನಿಮಿಷವೂ ಇಲ್ಲ. ಮೆರವಣಿಗೆಯಲ್ಲಿ ಪಕ್ಕದವರ ಜೊತೆ ಕೂಗಿ ಮಾತಾಡಬೇಕಾಯಿತೆ? ಹಿಂದೆ ಸರಿದು ನಿಲ್ಲಿ. ಬಯಲಿನಲ್ಲಿ ದೂರ ಎರಡರಷ್ಟಾದರೆ ಸದ್ದು 6 ಡೆಸಿಬೆಲ್ ಇಳಿಯುತ್ತದೆ.

ಬರೆಯಲು ಕೂತಾಗಿನಿಂದ ನನ್ನ ಜೀರುಂಡೆ ಚೆನ್ನಾಗಿ ಕೇಳುತ್ತಿದೆ, ಅದರದೇ ಮಾತಾಡುತ್ತಿದ್ದೇನಲ್ಲ. ಹೊರಗೆ ಹಂಚಿನ ಮೇಲೆ ಮಳೆ ಶುರುವಾಗಿದೆ. ಇವತ್ತು ಫ್ಯಾನು ಬೇಡ, ಕಿಟಕಿ ತೆರೆದಿಟ್ಟು ಮಲಗುತ್ತೇನೆ.