ಬೆಳ್ಳಿತೆರೆಯ ಬಭ್ರುವಾಹನ

ಜಗಳೂರು ತಾಲ್ಲೂಕಿನ ಸೊಕ್ಕೆ ನನ್ನ ಹುಟ್ಟೂರು. ನನ್ನ ಬಾಲ್ಯದಲ್ಲಿ, ಶ್ರಾವಣದ ರಾತ್ರಿಗಳಲ್ಲಿ, ಅಲ್ಲಿಯ ಗುಡಿಯ ಕಟ್ಟೆಯ ಮೇಲೆ ಲಕ್ಷ್ಮೀಶನ ಜೈಮಿನಿ ಭಾರತದ ವಾಚನ ನಡೆಯುತ್ತಿತ್ತು. ಒಬ್ಬರು ರಾಗವಾಗಿ ಓದುವರು, ಇನ್ನೊಬ್ಬರು ಅರ್ಥ ಹೇಳುವರು. ಬಭ್ರುವಾಹನನ ಪ್ರಸಂಗದ ದಿನ ಕಟ್ಟೆಯ ಮೇಲೆ ಜಾಗವೇ ಇರುತ್ತಿರಲಿಲ್ಲ. ನನ್ನ ಅವ್ವ ಮಾತ್ರ ಆ ದಿನ ನಡುವೆಯೇ ಎದ್ದು ಮನೆಗೆ ಹೋಗಿಬಿಡುತ್ತಿದ್ದಳು. ಕಾರಣ ನನಗೆ ಹೊಳೆದುದು ಬಹಳ ತಡವಾಗಿ, ಅದೂ ಒಂದು ಸಿನಿಮಾದ ದೆಸೆಯಿಂದ.

ಕುಮಾರವ್ಯಾಸ ಹತ್ತು ಪರ್ವಗಳಿಗೇ ನಿಲ್ಲಿಸಿದ್ದರಿಂದ ಅಶ್ವಮೇಧದ ಕಥೆ ಕನ್ನಡಿಗರಿಗೆ ಹೆಚ್ಚಾಗಿ ಲಕ್ಷ್ಮೀಶನ ಮೂಲಕವೇ ಬಂದಿತು. ವ್ಯಾಸಭಾರತದಲ್ಲಿ ಮಗ ವಿನಯದಿಂದ ಎದುರುಗೊಂಡಾಗ ಅರ್ಜುನ ಗದರಿಸುವುದು ಕ್ಷಾತ್ರಧರ್ಮದ ಹೆಸರಿನಲ್ಲಿ. ಯುದ್ಧಕ್ಕೆ ಪ್ರೇರೇಪಿಸುವವಳು ಉಲೂಪಿ. ಜೈಮಿನಿಯ ಕಥೆಯಲ್ಲಿ ಕಾಲಿಗೆರಗಿದ ಮಗನನ್ನು ಅರ್ಜುನ ಒದೆಯುತ್ತಾನೆ, ಅವನ ಹುಟ್ಟನ್ನೇ ಶಂಕಿಸುತ್ತಾನೆ. ಹಾಗಿದ್ದೂ ಗಂಗೆಯ ಶಾಪ, ಬಾಣವಾಗಿ ಬತ್ತಳಿಕೆ ಸೇರಿದ ಜ್ವಾಲೆ ಮುಂತಾದವನ್ನು ತಂದು, ಅರ್ಜುನನ ತಪ್ಪಿನ ಭಾರವನ್ನು ವಿಧಿಯ ಹೆಗಲಿಗೂ ಒಂದಿಷ್ಟು ಹೊರಿಸಲಾಗಿದೆ.

ಹುಣಸೂರು ಕೃಷ್ಣಮೂರ್ತಿಯವರ ‘ಬಭ್ರುವಾಹನ’ ತೆರೆಗೆ ಬಂದದ್ದು 1977ರಲ್ಲಿ. ಅದರ ಕುಂದುಗಳನ್ನು ಎಣಿಸುವುದು ಕಷ್ಟವಲ್ಲ. ಅರ್ಜುನನ ಪ್ರಣಯಗಳಿಗೆ, ಸನ್ಯಾಸಿಯ ವೇಷಕ್ಕೆ ಬೇಕಾದಷ್ಟು ಹೊತ್ತು ವ್ಯಯವಾಗಿ, ಶೀರ್ಷಿಕೆಯ ನಾಯಕ ಬರುವ ವೇಳೆಗೆ ಅರ್ಧ ರಾತ್ರಿ ಕಳೆದಿರುತ್ತದೆ. ಮಾಯೆ ಮಂತ್ರಗಳ ದೃಶ್ಯಗಳಲ್ಲಿ ಕಂಪನಿ ನಾಟಕದ ಪರದೆ ಇಣುಕುತ್ತದೆ. ವೃತ್ತಿರಂಗಭೂಮಿಯಿಂದ ಬಂದ ನಿರ್ದೇಶಕರಿಗೆ ಅದು ದೋಷವೆನ್ನಿಸಿರಲಾರದು. ನನಗೂ ಈಗೀಗ ಅನ್ನಿಸುವುದಿಲ್ಲ.

ಆದರೆ ತಂದೆ ಮಕ್ಕಳು ಎದುರುಬದುರಾಗಿ ನಿಂತ ಕ್ಷಣದಲ್ಲಿ ಈ ಚಿತ್ರ, ಕಾವ್ಯಕ್ಕೆ ಒದಗದ ಒಂದು ಶಕ್ತಿಯನ್ನು ಪಡೆಯುತ್ತದೆ. ಅರ್ಜುನನೂ ರಾಜಕುಮಾರರೇ, ಬಭ್ರುವಾಹನನೂ ಅವರೇ. ದ್ವಿಪಾತ್ರ ಆ ಕಾಲದ ಚಿತ್ರರಂಗದಲ್ಲಿ ಹಳೆಯ ಆಕರ್ಷಣೆ, ನಿಜ. ಇಲ್ಲಿ ಅದು ಸಾಕ್ಷಿಯಾಗಿ ನಿಲ್ಲುತ್ತದೆ. ತನ್ನದೇ ಮುಖವನ್ನು ನೋಡುತ್ತ ‘ನೀನು ನನ್ನ ಮಗನಲ್ಲ’ ಎನ್ನುವವನನ್ನು ಯಾವ ಶಾಪ ಉಳಿಸೀತು? ಟಿ. ಜಿ. ಲಿಂಗಪ್ಪನವರ ಸಂಗೀತದ ಆ ಸವಾಲು ಜವಾಬಿನ ಹಾಡಿನಲ್ಲಿ ಅರ್ಜುನನಿಗೆ ಪಿ. ಬಿ. ಶ್ರೀನಿವಾಸರ ಕಂಠ, ಮಗನಿಗೆ ರಾಜಕುಮಾರರ ಸ್ವಂತ ಕಂಠ. ಎಷ್ಟೋ ವರ್ಷ ರಾಜಕುಮಾರರ ದನಿಯೆಂದೇ ನಾವು ನಂಬಿದ್ದ ಕಂಠಕ್ಕೆ ಅವರ ನಿಜದನಿಯೇ ಎದುರಾಡುತ್ತದೆ. ಇದು ಉದ್ದೇಶಪೂರ್ವಕವೋ ಆಕಸ್ಮಿಕವೋ, ಕೇಳಿದವರ ಎದೆ ಝಲ್ಲೆನ್ನುವುದಂತೂ ಸತ್ಯ.

ಜಗಳೂರಿನ ಟೂರಿಂಗ್ ಟಾಕೀಸಿಗೆ ಈ ಚಿತ್ರ ಬಂದಾಗ ನಾನು ಕಾಲೇಜು ವಿದ್ಯಾರ್ಥಿ. ಅವ್ವನನ್ನು ಬಲವಂತದಿಂದ ಕರೆದೊಯ್ದಿದ್ದೆ. ನಾನು ಹುಟ್ಟುವ ಮೊದಲೇ ನನ್ನ ತಂದೆ ಊರು ಬಿಟ್ಟು ಹೋಗಿದ್ದರು. ಹೋಗುವಾಗ ಏನೋ ಒಂದು ಮಾತು ಆಡಿದ್ದರಂತೆ. ಆ ಮಾತು ಏನೆಂದು ನಮ್ಮ ಮನೆಯಲ್ಲಿ ಯಾರೂ ಹೇಳುತ್ತಿರಲಿಲ್ಲ. ನಾನು ಅವರದೇ ಪಡಿಯಚ್ಚು ಎಂದು ಊರಿನ ಹಿರಿಯರು ಮಾತ್ರ ಹೇಳುತ್ತಿದ್ದರು.

ಆ ರಾತ್ರಿ ಅವ್ವ ನಡುವೆ ಏಳಲಿಲ್ಲ. ಕೃಷ್ಣ ಬಂದು ಎಲ್ಲವನ್ನೂ ಸರಿಪಡಿಸಿ, ಜನ ಎದ್ದು ಧೂಳು ಕೊಡವಿಕೊಳ್ಳುವವರೆಗೂ ಕುಳಿತಿದ್ದಳು. ಸೊಕ್ಕೆಯ ದಾರಿಯಲ್ಲಿ ಬಹಳ ಹೊತ್ತು ಮಾತಿಲ್ಲ. ಕೊನೆಗೆ ಕೇಳಿದಳು: “ಮಕ ನೋಡಿದ್ರೆ ಗೊತ್ತಾಗ್ತಿರ್ಲಿಲ್ಲೇನಪ್ಪಾ ಅವ್ನಿಗೆ?”

ಯಾರಿಗೆ ಎಂದು ನಾನು ಕೇಳಲಿಲ್ಲ.