ಎರೆಮಣ್ಣಿನ ರಸ್ತೆಗೆ ಹಾರುಬೂದಿ



ರಾಯಚೂರು, ವಿಜಯಪುರ, ಗದಗ ಸೀಮೆಯ ಎರೆಭೂಮಿಯಲ್ಲಿ ಓಡಾಡುವವರಿಗೆ ಅಲ್ಲಿನ ರಸ್ತೆಗಳ ಪಾಡು ಗೊತ್ತೇ ಇದೆ. ಡಾಂಬರು ಬಿದ್ದು ಕೆಲವು ಮಳೆಗಾಲ ಕಳೆಯುವಷ್ಟರಲ್ಲಿ ಮೈಯೆಲ್ಲ ಏರುತಗ್ಗು. ಬೇಸಿಗೆ ಬಂದರೆ ರಸ್ತೆಯಂಚಿನಗುಂಟ ಉದ್ದುದ್ದ ಬಿರುಕು. ಜನ ಗುತ್ತಿಗೆದಾರನನ್ನು ಬೈಯುತ್ತಾರೆ. ಎಷ್ಟೋ ಸಲ ಅದು ನ್ಯಾಯವೂ ಹೌದು. ಆದರೆ ಡಾಂಬರಿನ ಕೆಳಗೆ ಮಣ್ಣೇ ಅಲುಗುತ್ತಿದ್ದರೆ ಒಳ್ಳೆಯ ಕೆಲಸವೂ ಬಾಳುವುದಿಲ್ಲ.

ಎರೆಮಣ್ಣಿನ ಜೇಡಿಯಲ್ಲಿ ಮಾಂಟ್‌ಮೊರಿಲ್ಲೊನೈಟ್ ಎಂಬ ಖನಿಜವಿದೆ. ಜೋಳದ ರೊಟ್ಟಿಯನ್ನು ಒಂದರ ಮೇಲೊಂದು ಅಡಕಿಟ್ಟ ಹಾಗೆ ಅದರ ಕಣದಲ್ಲಿ ಪದರಗಳಿರುತ್ತವೆ. ಮಳೆ ಬಂದಾಗ ನೀರು ಪದರಗಳ ನಡುವೆ ಹೊಕ್ಕು ಅವನ್ನು ದೂರ ತಳ್ಳುತ್ತದೆ, ಮಣ್ಣು ಉಬ್ಬುತ್ತದೆ. ಬಿಸಿಲಿಗೆ ನೀರು ಆರಿದರೆ ಕುಗ್ಗಿ ಬಾಯಿಬಿಡುತ್ತದೆ. ರಸ್ತೆಯ ನಡುಭಾಗ ಡಾಂಬರಿನ ಮರೆಯಲ್ಲಿರುವುದರಿಂದ ಅಲ್ಲಿ ತೇವ ಅಷ್ಟಾಗಿ ಬದಲಾಗದು, ಅಂಚಿನಲ್ಲಿ ಬದಲಾಗುತ್ತದೆ. ಬಿರುಕು ಅಲ್ಲೇ ಮೊದಲು ಕಾಣುವುದು ಇದಕ್ಕೇ.

ಈ ಮಣ್ಣಿಗೆ ಬೆರೆಸಿ ಅದನ್ನು ಹದಗೊಳಿಸಬಲ್ಲ ವಸ್ತುವೊಂದು ಅಲ್ಲೇ ಹತ್ತಿರದಲ್ಲಿದೆ. ಇದೇ ರಾಯಚೂರಿನ ಶಕ್ತಿನಗರದಲ್ಲಿ 1985ರಿಂದ ಶಾಖೋತ್ಪನ್ನ ವಿದ್ಯುತ್ ಸ್ಥಾವರ ಉರಿಯುತ್ತಿದೆ. ನಮ್ಮ ದೇಶದ ಕಲ್ಲಿದ್ದಲಿನಲ್ಲಿ ಬೂದಿಯೇ ಬಹಳ, ಸಾಮಾನ್ಯವಾಗಿ ಶೇ. 30ರಿಂದ 45. ಹೊಗೆಯ ಜೊತೆ ಮೇಲೇಳುವ ನವಿರಾದ ಬೂದಿಯನ್ನು ಚಿಮಣಿಗೆ ಹೋಗುವ ಮೊದಲೇ ವಿದ್ಯುತ್ ಬಲದಿಂದ ಹಿಡಿದಿಡುತ್ತಾರೆ. ಅದೇ ಹಾರುಬೂದಿ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಗಾಜಿನಂಥ ಸಣ್ಣಸಣ್ಣ ಗುಂಡುಗಳು, ಕೆಲವು ಒಳಗೆ ಪೊಳ್ಳು. ಅದರಲ್ಲಿರುವುದು ಮುಖ್ಯವಾಗಿ ಸಿಲಿಕಾ ಮತ್ತು ಅಲ್ಯೂಮಿನಾ. ಇವು ಸುಣ್ಣ, ನೀರಿನೊಡನೆ ಕೂಡಿದರೆ ನಿಧಾನವಾಗಿ ಸಿಮೆಂಟಿನಂಥ ಅಂಟು ಹುಟ್ಟುತ್ತದೆ. ಸುಣ್ಣದ ಕ್ಯಾಲ್ಸಿಯಂ ಜೇಡಿಕಣಗಳನ್ನು ಗುಂಪುಗೂಡಿಸಿ ಜಿಗುಟನ್ನೂ ತಗ್ಗಿಸುತ್ತದೆ.

ಹಾಗೆಂದು ಬೂದಿ ಸುರಿದ ಮಾತ್ರಕ್ಕೆ ರಸ್ತೆ ಗಟ್ಟಿಯಾಗದು. ಎಲ್ಲ ಬೂದಿಯೂ ಒಂದೇ ಅಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎನ್. ಎಸ್. ಪಾಂಡಿಯನ್ ಮತ್ತು ಸಂಗಡಿಗರು ಎರೆಮಣ್ಣಿಗೆ ರಾಯಚೂರಿನ ಬೂದಿ, ತಮಿಳುನಾಡಿನ ನೈವೇಲಿಯ ಬೂದಿ ಎರಡನ್ನೂ ಬೆರೆಸಿ ಸಿಬಿಆರ್ ಪರೀಕ್ಷೆ ಮಾಡಿದರು. ಈ ಪರೀಕ್ಷೆಯಲ್ಲಿ ದಮ್ಮಸು ಮಾಡಿದ ಮಣ್ಣಿನೊಳಕ್ಕೆ 50 ಮಿಲಿಮೀಟರ್ ವ್ಯಾಸದ ಉಕ್ಕಿನ ಕೊಂತವನ್ನು ನಿಮಿಷಕ್ಕೆ 1.25 ಮಿಲಿಮೀಟರಿನಂತೆ ಒತ್ತುತ್ತಾರೆ. ಮಣ್ಣು ಎಷ್ಟು ಎದುರುಕೊಡುತ್ತದೆಂದು ಅಳೆಯುತ್ತಾರೆ. ಮಳೆಗಾಲದ ಸ್ಥಿತಿ ತಿಳಿಯಬೇಕೆಂದರೆ ಮಣ್ಣನ್ನು 4 ದಿನ ನೀರಲ್ಲಿ ನೆನೆಸಿಡುವುದು ರೂಢಿ. ನೈವೇಲಿಯದು ಲಿಗ್ನೈಟ್ ಬೂದಿ, ಸುಣ್ಣದಂಶ ಹೆಚ್ಚು, ತಾನಾಗಿ ಗಟ್ಟಿಯಾಗಬಲ್ಲದು. ರಾಯಚೂರಿನದರಲ್ಲಿ ಸುಣ್ಣ ಕಡಿಮೆ. ಅದನ್ನು ಬೆರೆಸಿದಾಗ ಬಲ ಒಂದು ಹದದವರೆಗೆ ಏರಿ ಆಮೇಲೆ ಇಳಿಯಿತು. ಆದ್ದರಿಂದ ಪ್ರಮಾಣವನ್ನು ಕಣ್ಣಂದಾಜಿಗೆ ಬಿಡಬಾರದು. ನಮ್ಮ ಬೂದಿಗೆ ಒಂದಿಷ್ಟು ಸುಣ್ಣದ ಜೊತೆ ಬೇಕೇ ಬೇಕು.

ಕೆಲಸದ ಜಾಗದಲ್ಲಿ ಹೆಚ್ಚು ಕಾಡುವುದು ಹೆಂಟೆ. ಒಣಗಿದ ಎರೆ ಕಲ್ಲಿನಷ್ಟು ಗಟ್ಟಿ. ರೋಟವೇಟರ್ ಹೊಡೆದು ಹೆಂಟೆ ಪುಡಿಮಾಡದಿದ್ದರೆ ಸುಣ್ಣ-ಬೂದಿಯ ಮಿಶ್ರಣ ಅದರ ಮೈಗಷ್ಟೇ ಮೆತ್ತಿಕೊಳ್ಳುತ್ತದೆ, ಒಳಗಿನ ಮಣ್ಣು ಮೊದಲಿದ್ದಂತೆಯೇ ಉಳಿದು ಮುಂದಿನ ಮಳೆಗೆ ಉಬ್ಬುತ್ತದೆ. ಅವಸರದಲ್ಲಿ ಕೆಡುವುದು ಈ ಹಂತವೇ. ಬೆರೆಸಿ, ತಕ್ಕಷ್ಟು ನೀರು ಹಾಕಿ, ತಡಮಾಡದೆ ರೋಲರ್ ಓಡಿಸಬೇಕು. ನಂತರ ಕೆಲವು ದಿನ ತೇವ ಆರದಂತೆ ಕಾಯಬೇಕು. ಸ್ಥಾವರದ ಬೂದಿಹೊಂಡದಲ್ಲಿ ವರ್ಷಗಟ್ಟಲೆ ನೆನೆದ ಬೂದಿಗೆ ಅಂಟು ಹುಟ್ಟಿಸುವ ಕಸುವು ಅಷ್ಟಾಗಿ ಉಳಿದಿರುವುದಿಲ್ಲ. ಒಣದಾಗಿ ಹಿಡಿದದ್ದೇ ಆಗಬೇಕು.

ಬೂದಿಯನ್ನು ಬಳಸಲೇಬೇಕೆಂದು ಕೇಂದ್ರ ಸರ್ಕಾರ 1999ರಲ್ಲೇ ಅಧಿಸೂಚನೆ ಹೊರಡಿಸಿತು. ಗಾಳಿ ಎದ್ದ ದಿನ ಬೂದಿಹೊಂಡದ ಪಕ್ಕದ ಊರುಗಳ ಜನ ಅದನ್ನೇ ಉಸಿರಾಡುತ್ತಾರೆ. ಅವರಿಗಾಗಿಯಾದರೂ ಈ ಬಳಕೆ ಹೆಚ್ಚಬೇಕೆಂಬುದು ನನ್ನ ಆಸೆ. ಬೂದಿಯಲ್ಲಿ ಆರ್ಸೆನಿಕ್‌ನಂಥ ವಿಷಧಾತುಗಳೂ ಅಲ್ಪಸ್ವಲ್ಪ ಇರುತ್ತವೆ. ಹಾಗಾಗಿ ಬಾವಿಯ ಹತ್ತಿರ, ಅಂತರ್ಜಲ ಮೇಲಿರುವ ಕಡೆ ಮೊದಲು ಪರೀಕ್ಷೆಯಾಗಲಿ.

ಇನ್ನೊಂದು ಎಚ್ಚರಿಕೆ. ಕೆಲವು ಹೊಲಗಳ ಎರೆಯಲ್ಲಿ ಜಿಪ್ಸಂ ಸಿಗುತ್ತದೆ. ಅದರ ಸಲ್ಫೇಟ್ ಸುಣ್ಣದೊಡನೆ, ಜೇಡಿಯ ಅಲ್ಯೂಮಿನಾದೊಡನೆ ಕೂಡಿದರೆ ಎಟ್ರಿಂಗೈಟ್ ಎಂಬ ಹರಳು ಬೆಳೆದು, ಉಬ್ಬು ತಡೆಯಲೆಂದು ಮಾಡಿದ ಪದರವೇ ಉಬ್ಬಿ ಒಡೆಯುತ್ತದೆ. ಅಂಥ ನೆಲದಲ್ಲಿ ಸಲ್ಫೇಟ್ ಎಷ್ಟಿದೆಯೆಂದು ತಿಳಿಯುವ ತನಕ ಸುಣ್ಣದ ಚೀಲ ಬಿಚ್ಚಬಾರದು.