ಪಾತ್ರದಾಟದ ಬೆಲೆ

ಆಟವೆಂದರೆ ಹೆಚ್ಚು ಖರ್ಚಿಲ್ಲದ ಸಂಗತಿಯೆಂಬುದು ನಮ್ಮ ಹಳೆಯ ತಿಳಿವಳಿಕೆ. ಚೌಕಾಬಾರಕ್ಕೆ ನಾಲ್ಕು ಕವಡೆ, ಒಂದು ಚೂರು ಸೀಮೆಸುಣ್ಣ. ಅಳಿಗುಳಿಮಣೆಗೆ ಹಿಡಿ ಹುಣಿಸೆಬೀಜ. ಹೀಗಿರುವಾಗ, ಆಟವೊಂದನ್ನು ಕಲಿಯಲು 3 ದಪ್ಪ ಪುಸ್ತಕಗಳು ಬೇಕು, ಅವುಗಳ ಬೆಲೆ 12 ಸಾವಿರ ರೂಪಾಯಿಗಳನ್ನು ಮೀರುತ್ತದೆ ಎಂದು ಮನೆಯ ಹುಡುಗರು ಹೇಳಿದರೆ ಹಿರಿಯರು ಬೆಚ್ಚುವುದು ಸಹಜವೇ. ಆದರೆ ಬೇಡವೆನ್ನುವ ಮುನ್ನ ಲೆಕ್ಕ ಹಾಕಿ ನೋಡುವುದು ನ್ಯಾಯ.

ನಾನು ಹೇಳುತ್ತಿರುವುದು ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಎಂಬ ಆಟವನ್ನು ಕುರಿತು. ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ರಚಿಸಿದ ಇದು 1974ರಲ್ಲಿ ಪ್ರಕಟವಾಯಿತು. ನಾಲ್ಕೈದು ಜನ ಮೇಜಿನ ಸುತ್ತ ಕುಳಿತು ಒಂದೊಂದು ಪಾತ್ರವನ್ನು ವಹಿಸುತ್ತಾರೆ. ಒಬ್ಬರು ಸೂತ್ರಧಾರರಾಗಿ ಕಥೆಯನ್ನು ನಡೆಸುತ್ತಾರೆ. ವೇಷವಿಲ್ಲ, ರಂಗವಿಲ್ಲ, ಇರುವುದು ಮಾತು. ತಾಳಮದ್ದಳೆಯನ್ನು ಬಲ್ಲವರಿಗೆ ಇದು ತೀರ ಅಪರಿಚಿತವೆನಿಸದು. ಭೇದವಿಷ್ಟೆ: ಅಲ್ಲಿ ಪ್ರಸಂಗದ ಮುಕ್ತಾಯ ಮೊದಲೇ ಗೊತ್ತು, ಇಲ್ಲಿ ಸಂದಿಗ್ಧ ಗಳಿಗೆಗಳನ್ನು ದಾಳ ನಿರ್ಣಯಿಸುವುದರಿಂದ ಕೊನೆ ಯಾರಿಗೂ ತಿಳಿಯದು.

ಮೊದಲು ಹಣದ ಮಾತು. 1974ರ ಪೆಟ್ಟಿಗೆಯಲ್ಲಿ 3 ಕಿರುಹೊತ್ತಗೆಗಳಿದ್ದವು. ಬೆಲೆ 10 ಡಾಲರ್. ಆದರೆ ಯುದ್ಧದ ನಿಯಮಗಳಿಗಾಗಿ ‘ಚೈನ್‌ಮೇಲ್’ ಎಂಬ ಬೇರೊಂದು ಪುಸ್ತಕವನ್ನೂ, ಕಾಡುಮೇಡಿನ ಸಂಚಾರಕ್ಕಾಗಿ ಇನ್ನೊಂದು ಕಂಪೆನಿಯ ಆಟದ ನಕ್ಷೆಯನ್ನೂ ಇಟ್ಟುಕೊಳ್ಳಿರೆಂದು ಆ ಹೊತ್ತಗೆಗಳೇ ಸೂಚಿಸುತ್ತಿದ್ದವು. ಪೆಟ್ಟಿಗೆಯ ಮೇಲಿನ ಬೆಲೆಯೇ ಪೂರ್ಣ ಬೆಲೆಯಲ್ಲವೆಂಬುದು ಈ ಆಟದ ಹುಟ್ಟುಗುಣವೆನ್ನಬೇಕು. 2024ರಲ್ಲಿ ಹೊಸ ಆವೃತ್ತಿ ಹೊರಡತೊಡಗಿದಾಗ ಆಟಗಾರನ ಕೈಪಿಡಿ, ಸೂತ್ರಧಾರನ ಮಾರ್ಗದರ್ಶಿ, ವಿಕಟಪ್ರಾಣಿಗಳ ಗ್ರಂಥ ಇವಕ್ಕೆ ತಲಾ ಸುಮಾರು 50 ಡಾಲರ್ ಬೆಲೆಯಿಟ್ಟರು. ಇವುಗಳ ಮೇಲೆ 4ರಿಂದ 20 ಮುಖಗಳವರೆಗಿನ 7 ದಾಳಗಳು, ಗೊಂಬೆಗಳು, ನಕ್ಷೆಗಳು.

ಇವೆಲ್ಲ ಅನಿವಾರ್ಯವೆ? ಅಲ್ಲ. 2014ರ ಆವೃತ್ತಿಯ ಮೂಲನಿಯಮಗಳನ್ನು, ಸುಮಾರು 400 ಪುಟಗಳಷ್ಟನ್ನು, ಪ್ರಕಾಶಕರು 2023ರ ಜನವರಿಯಲ್ಲಿ ಮುಕ್ತ ಪರವಾನಗಿಯಡಿ ಬಿಡುಗಡೆ ಮಾಡಿದರು. ಅವನ್ನು ಕಾಸಿಲ್ಲದೆ ಪಡೆಯಬಹುದು. ಇನ್ನು ದಾಳಗಳು: 1979ರಲ್ಲಿ ಅವುಗಳ ಅಭಾವ ತಲೆದೋರಿದಾಗ ಪ್ರಕಾಶಕರೇ ಪೆಟ್ಟಿಗೆಯಲ್ಲಿ ಅಂಕಿಗಳುಳ್ಳ ಚೀಟಿಗಳನ್ನಿಟ್ಟು ಮಾರಿದರು. ಲೋಟದಲ್ಲಿ ಹಾಕಿ ಕುಲುಕಿ ಒಂದನ್ನೆತ್ತಿದರೆ ಕೆಲಸ ನಡೆಯಿತು. ಪುಸ್ತಕ ಕೊಂಡರೂ ಮೇಜಿಗೊಂದು ಪ್ರತಿ ಸಾಕು. ಐವರು ಸೇರಿ ಕೊಂಡರೆ ಹೊರೆ ಐದನೆಯ ಒಂದು ಪಾಲಿಗಿಳಿಯುತ್ತದೆ.

ಹಣಕ್ಕಿಂತ ದುಬಾರಿಯಾದುದು ಹೊತ್ತು. ಒಂದು ಕೂಟಕ್ಕೆ ಮೂರು ನಾಲ್ಕು ಗಂಟೆ ಹಿಡಿಯುತ್ತದೆ; ಕಥೆ ತಿಂಗಳುಗಟ್ಟಲೆ ಬೆಳೆಯುತ್ತದೆ. ಸೂತ್ರಧಾರನಂತೂ ಹಿಂದಿನ ದಿನವೇ ಊರು, ದಾರಿ, ಶತ್ರು, ಮಿತ್ರರನ್ನೆಲ್ಲ ಕಲ್ಪಿಸಿಟ್ಟುಕೊಳ್ಳಬೇಕು. ಅದೇ ಐವರು ವಾರವಾರವೂ ಬರಬೇಕು. ಈ ಒಡನಾಟ ಅಂಗಡಿಯಲ್ಲಿ ದೊರೆಯದು. ಅದಿಲ್ಲದ ಮನೆಯಲ್ಲಿ ಆ ಅಂದದ ಪುಸ್ತಕಗಳು ಕಪಾಟಿನಲ್ಲೇ ಉಳಿಯುತ್ತವೆ. ಆದಕಾರಣ ನನ್ನ ಮೊಮ್ಮಗನಿಗೆ ಹೇಳಿದೆ: “ಉಚಿತ ನಿಯಮಗಳನ್ನೂ ಚೀಟಿಗಳನ್ನೂ ಇಟ್ಟುಕೊಂಡು ನಾಲ್ಕು ಭಾನುವಾರ ಆಡಿ. ಐದನೆಯ ಭಾನುವಾರವೂ ಎಲ್ಲರೂ ಬಂದರೆ ಒಂದು ಪುಸ್ತಕ ನನ್ನ ಪಿಂಚಣಿಯಿಂದ.” ಅವನು, “ತಾತ, ಯಾವ ಪುಸ್ತಕ ಅಂತ ನಾವೇ ಆರಿಸ್ತೀವಿ” ಎಂದ. ಒಪ್ಪಿದೆ.

ಭಾಷೆಯ ಮಾತೂ ಒಂದುಂಟು. ನಿಯಮಗಳು ಇಂಗ್ಲಿಷಿನಲ್ಲಿವೆ, ಆದರೆ ಆಟ ನಡೆಯುವುದು ಆಡುವವರ ಬಾಯಲ್ಲಿ. ಕಾಡನ್ನು ವರ್ಣಿಸಲು, ಕಾವಲುಗಾರನನ್ನು ಒಲಿಸಲು, ಶತ್ರುವನ್ನು ಕೆಣಕಲು ಕನ್ನಡಕ್ಕೆ ಅಡ್ಡಿಯೇನು? ತರಗತಿಯಲ್ಲಿ ಎದ್ದು ನಾಲ್ಕು ವಾಕ್ಯ ಆಡಲು ಹಿಂಜರಿಯುವ ಹುಡುಗ ಪಾತ್ರದ ಮರೆಯಲ್ಲಿ ಗಂಟೆಗಟ್ಟಲೆ ಮಾತನಾಡುವುದು ಸಾಧ್ಯ. ಹಾಗಾದ ಪಕ್ಷದಲ್ಲಿ ತೆತ್ತ ಹಣ ವ್ಯರ್ಥವಲ್ಲ. ಮಕ್ಕಳು ಕೇಳಿದಾಗ ಬೆಲೆಯನ್ನು ವಿಚಾರಿಸಿರಿ. ಜೊತೆಗೆ, ಯಾರೊಡನೆ ಆಡುವಿರಿ ಎಂಬುದನ್ನೂ ತಪ್ಪದೆ ವಿಚಾರಿಸಿರಿ.